ಎರಡಕ್ಕೂ ಮೂರಕ್ಕೂ ನಡುವಿನ ಬಿಡುವು

ನನ್ನ ಗಂಡನ ಕಿವಿ ಮಂದವಾಗಿದೆ ಎಂದು ಮೊದಲು ಹೇಳಿದವನು ಹೋಟೆಲಿನ ಸಣ್ಣ ಧಣಿ. ಡಾಕ್ಟರು ಹೇಳಲಿಲ್ಲ, ಮನೆಯಲ್ಲಿ ಜೊತೆಗಿರುವ ನಾನು ಹೇಳಲಿಲ್ಲ, ಇಪ್ಪತ್ತಾರು ವರ್ಷ ಅವರ ಪಕ್ಕದಲ್ಲೇ ನಿಂತು ಇಡ್ಲಿ ಬೇಯಿಸಿದವರೂ ಹೇಳಲಿಲ್ಲ. ಅಡುಗೆಕೋಣೆಯ ಮೆಟ್ಟಿಲನ್ನು ತಿಂಗಳಿಗೊಮ್ಮೆ ಹತ್ತಿದರೆ ಹತ್ತಿದ, ಇಲ್ಲದಿದ್ದರೆ ಇಲ್ಲ ಎನ್ನುವಂಥವನು ಹೇಳಿದ. ನೆನೆದರೆ ಈಗಲೂ ಮೈ ಉರಿಯುತ್ತದೆ. ಎಷ್ಟೋ ವರ್ಷವಾಯಿತಲ್ಲ, ಬಿಟ್ಟುಬಿಡು ಎನ್ನುತ್ತಾರೆ ಎಲ್ಲರೂ. ಬಿಟ್ಟುಕೊಡಲಿಕ್ಕೆ ಅದೇನು ಲೋಕಲ್ ಗಾಡಿಯ ಸೀಟೇ?

ಹೋಟೆಲು ಇದ್ದದ್ದು ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಕೆಳಗೆ ಗಲ್ಲಾ, ಮೇಜು, ಗಿರಾಕಿಗಳು. ಅಡುಗೆಕೋಣೆ ಮೇಲೆ ಮಾಳಿಗೆಯಲ್ಲಿ. ಜಾಗ ಚಿಕ್ಕದು, ಬೇರೆ ಉಪಾಯ ಇರಲಿಲ್ಲ. ತಯಾರಾದದ್ದನ್ನು ಹಗ್ಗ ಕಟ್ಟಿದ ಮರದ ಪೆಟ್ಟಿಗೆಯಲ್ಲಿಟ್ಟು ನೆಲದ ಚೌಕಾಕಾರದ ಕಂಡಿಯಿಂದ ಕೆಳಗಿಳಿಸುವುದು, ಖಾಲಿ ತಟ್ಟೆಗಳನ್ನು ಅದರಲ್ಲೇ ಮೇಲಕ್ಕೆಳೆಯುವುದು. ನನ್ನ ಗಂಡ ಅಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವರು. ಮಧ್ಯಾಹ್ನ ಎರಡರಿಂದ ಐದರವರೆಗೆ ಅದೇ ಕೋಣೆಯ ಮೂಲೆಯಲ್ಲಿ ಕೂತು ತರಕಾರಿ ಹೆಚ್ಚುವುದು ನನ್ನ ಕೆಲಸ. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು.

ಕೆಳಗಿನಿಂದ ಸಪ್ಲೈಯರುಗಳು ಎಷ್ಟು ಕೂಗಿದರೂ ಮೇಲೆ ಕೇಳುತ್ತಿರಲಿಲ್ಲ. ಹೊಗೆ ಎಳೆಯುವ ಫ್ಯಾನು, ಗ್ರೈಂಡರು, ಸ್ಟೋವಿನ ಭುಸುಭುಸು, ಇವೆಲ್ಲದರ ನಡುವೆ ಮನುಷ್ಯನ ಗಂಟಲು ಎಲ್ಲಿಗೆ ಸಾಲುತ್ತದೆ? ಅದಕ್ಕೇ ದೊಡ್ಡ ಧಣಿ ಹೋಟೆಲು ಶುರುಮಾಡಿದ ಕಾಲದಲ್ಲೇ ದೋಸೆಕಲ್ಲಿನ ಪಕ್ಕ ಒಂದು ಹಿತ್ತಾಳೆಯ ಗಂಟೆ ತೂಗುಹಾಕಿ, ಅದರ ಹಗ್ಗವನ್ನು ಕೆಳಗೆ ಗಲ್ಲಾದ ಹತ್ತಿರ ಇಳಿಬಿಟ್ಟಿದ್ದರು. ಲೆಕ್ಕ ಸುಲಭ. ಒಂದು ಪೆಟ್ಟು ಸಾದಾ, ಎರಡು ಮಸಾಲೆ, ಮೂರು ಉತ್ತಪ್ಪ, ನಾಲ್ಕು ರವೆ. ಆಮೇಲೆ ಚೂರು ಬಿಡುವು. ಬಿಡುವಿನ ನಂತರದ ಪೆಟ್ಟು ಎಷ್ಟೋ ಅಷ್ಟು ಪ್ಲೇಟು. ಎರಡು, ಬಿಡುವು, ಮೂರು ಎಂದರೆ ಮೂರು ಮಸಾಲೆ. ಮೂರು, ಬಿಡುವು, ಎರಡು ಎಂದರೆ ಎರಡು ಉತ್ತಪ್ಪ. ಇಡ್ಲಿ ವಡೆ ಕೆಳಗೆ ಬಿಸಿಪೆಟ್ಟಿಗೆಯಲ್ಲೇ ಇರುತ್ತಿದ್ದವು, ಅವಕ್ಕೆ ಗಂಟೆ ಬೇಡ.

ಆ ಬಿಡುವೇನೂ ಅಳತೆ ಹಿಡಿದು ಮಾಡಿದ್ದಲ್ಲ. ಕುಂದಾಪುರ ಕಡೆಯ ಹಿರಿಯ ಸಪ್ಲೈಯರ್ ಒಬ್ಬರು ನಿಧಾನಕ್ಕೆ, ದೇವರ ಮುಂದೆ ಹೊಡೆದ ಹಾಗೆ ಹೊಡೆಯುವರು. ಇನ್ನೊಬ್ಬ ಗಾಡಿ ತಪ್ಪಿಹೋಗುತ್ತದೆ ಎನ್ನುವಂತೆ ದಡದಡ ಎಳೆಯುವನು. ಅವನ ಬಿಡುವು ಹಿರಿಯರು ಎರಡು ಪೆಟ್ಟುಗಳ ನಡುವೆ ಬಿಡುವ ಜಾಗಕ್ಕಿಂತಲೂ ಚಿಕ್ಕದು. ಆದರೂ ನನ್ನವರು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬೇರೆ ಮಾಡುತ್ತಿದ್ದರು. ಹೇಗೆ ಎಂದು ಒಮ್ಮೆ ಕೇಳಿದ್ದೆ. "ಹೇಗೆ ಅಂದ್ರೆ ಎಂತ ಹೇಳುದು ಮಾರಾಯ್ತಿ. ಅದೇ ಹೇಳ್ತದಲ್ಲ" ಎಂದಿದ್ದರು. ಶನಿವಾರದ ಭಜನೆಯಲ್ಲಿ ತಾಳ ಹಿಡಿಯುವವಳು ನಾನು, ಗಮನಿಸಿ ಕೇಳಿದಾಗ ನನಗೆ ಗುಟ್ಟು ತಿಳಿಯಿತು. ಹಗ್ಗ ಹಿಡಿದವನು ಯಾರೇ ಇರಲಿ, ಗುಂಪಿನ ಮೊದಲ ಪೆಟ್ಟನ್ನು ತನಗೆ ಅರಿವಿಲ್ಲದೆಯೇ ಸ್ವಲ್ಪ ಜೋರಾಗಿ ಎಳೆಯುತ್ತಾನೆ. ಕೊನೆಯ ಪೆಟ್ಟಿನ ನಂತರ ಕೈ ಸಡಿಲವಾಗುತ್ತದೆ, ಆಗ ಗಂಟೆಯ ಗುಂಯ್ ಎನ್ನುವ ನಾದ ಚೂರು ಉದ್ದಕ್ಕೆ ಉಳಿಯುತ್ತದೆ. ಜೋರಾದದ್ದು ಬಂದರೆ ಹೊಸ ಗುಂಪು ಶುರುವಾಯಿತು, ಉದ್ದವಾದದ್ದು ಬಂದರೆ ಗುಂಪು ಮುಗಿಯಿತು. ಇಪ್ಪತ್ತಾರು ವರ್ಷ ಅವರ ಕಿವಿ ಹಿಡಿದದ್ದು ಇದನ್ನು, ಮತ್ತು ತಪ್ಪಿದ್ದು ಎಷ್ಟು ಸಲ ಎಂದು ಎಣಿಸಲಿಕ್ಕೆ ಒಂದು ಕೈಯ ಬೆರಳುಗಳು ಸಾಕು.

ಮೊಬೈಲು ಎಲ್ಲರ ಕಿಸೆಗೂ ಬಂದು, ಪ್ರತಿಯೊಬ್ಬನ ಕಿಸೆಯೂ ಒಂದೊಂದು ರಾಗ ಹಾಡತೊಡಗಿದ್ದ ವರ್ಷಗಳು ಅವು. ದೊಡ್ಡ ಧಣಿಯ ಮಗ, ಈ ಸಣ್ಣ ಧಣಿ, ಕಾಲೇಜು ಮುಗಿಸಿ ಗಲ್ಲಾದಲ್ಲಿ ಕೂರಲಿಕ್ಕೆ ಶುರುಮಾಡಿದ್ದ. ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ, ತುಳು ಎರಡೂ ತಿಳಿಯುತ್ತದೆ, ಬಾಯಿ ತೆರೆದರೆ ಹೆಚ್ಚಾಗಿ ಹಿಂದಿ. ಹಗ್ಗದ ಗಂಟೆ ಅವನಿಗೆ ನಾಚಿಕೆ. ಉಲ್ಹಾಸನಗರದಲ್ಲಿ ಯಾರಿಂದಲೋ ಒಂದು ಇಲೆಕ್ಟ್ರಿಕ್ ಗಂಟೆ ಮಾಡಿಸಿಕೊಂಡು ಬಂದ. ಕೆಳಗೆ ಒಂದು ಗುಂಡಿ, ಮೇಲೆ ಒಂದು ಡಬ್ಬಿ. ಗುಂಡಿ ಒತ್ತಿದರೆ ಡಬ್ಬಿ ಪೀಂ ಎನ್ನುತ್ತದೆ. ಬೇಗ ಬೇಗ ಒತ್ತಿದಾಗ ಒಂದೆರಡು ಪೀಂ ಹಾರಿಹೋಗುತ್ತಿತ್ತಂತೆ. ಒಂದೂ ತಪ್ಪಬಾರದು ಎಂದು ಇವನು ಹಟ ಹಿಡಿದ. ಅದಕ್ಕೆ ಮಾಡಿಕೊಟ್ಟವನು, ಎಷ್ಟು ಒತ್ತಿದರೂ ಅಷ್ಟನ್ನೂ ಒಳಗೆ ಹಿಡಿದಿಟ್ಟುಕೊಂಡು ಒಂದಾದ ಮೇಲೊಂದರಂತೆ, ಒತ್ತುವ ಕೈಗಿಂತ ನಿಧಾನವಾಗಿ, ಸಮ ಅಂತರದಲ್ಲಿ ಹೊರಗೆ ಬಿಡುವ ಹಾಗೆ ಕಟ್ಟಿಕೊಟ್ಟಿದ್ದ. ಕೇಳಿದ್ದನ್ನು ಕೊಟ್ಟ, ಅವನದೇನೂ ತಪ್ಪಿಲ್ಲ. ಗುಂಡಿಯ ಪಕ್ಕ ಕೆಂಪು ಅಕ್ಷರದಲ್ಲಿ ಎಷ್ಟು ಸಲ ಒತ್ತಿದ್ದು ಎಂಬ ಅಂಕಿಯೂ ಬರುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಈಗ ನೋಡಿ. ಕೆಳಗೆ ಸಪ್ಲೈಯರು ಎರಡು ಒತ್ತಿ, ಬಿಡುವು ಕೊಟ್ಟು, ಮೂರು ಒತ್ತುತ್ತಾನೆ. ಮೇಲೆ ಬರುವುದು ಪೀಂ ಪೀಂ ಪೀಂ ಪೀಂ ಪೀಂ. ಐದೂ ಒಂದೇ ಸ್ವರ, ಒಂದೇ ಜೋರು, ಒಂದೇ ಅಂತರ. ಅದು ಮೂರು ಮಸಾಲೆಯೋ, ಎರಡು ಉತ್ತಪ್ಪವೋ, ನಾಲ್ಕು ಸಾದಾವೋ, ಒಂದು ರವೆಯೋ? ಬ್ರಹ್ಮನೇ ಬಂದರೂ ಹೇಳಲಾರ. ಆದರೆ ಆವತ್ತು ಇದು ನಮಗೆ ಹೀಗೆ ಬಿಡಿಸಿ ತಿಳಿದಿರಲಿಲ್ಲ. ಕೆಳಗಿದ್ದವರಿಗೆ ಮೇಲಿನ ಸದ್ದು ಕೇಳದು, ಮೇಲಿದ್ದವರಿಗೆ ಕೆಳಗಿನ ಬೆರಳು ಕಾಣದು. ಹೊಸ ಗಂಟೆ, ರೂಢಿಯಾಗಬೇಕು ಎಂದುಕೊಂಡೆವು.

ಮೊದಲ ದಿನವೇ ತಪ್ಪಾಯಿತು. ಮಸಾಲೆಗೆ ಕಾದವರಿಗೆ ಉತ್ತಪ್ಪ ಹೋಯಿತು. ಎರಡನೆಯ ದಿನ ಇನ್ನೂ ಹೆಚ್ಚು. ಗಿರಾಕಿಗಳು ಕೂಗಾಡಿದರು. ಇವರು ಕಂಡಿಯ ಹತ್ತಿರ ಬಗ್ಗಿ, "ಈ ಗಂಟೆ ಮಾತಾಡುದಿಲ್ಲ ಧಣಿ, ಬರೀ ಕೂಗ್ತದೆ" ಎಂದರು. ಕೆಳಗೆ ನಕ್ಕರು. ಹಳೆಯದು ಮಾತಾಡುತ್ತಿತ್ತಾ ಎಂದು ಸಣ್ಣ ಧಣಿ ಹಿಂದಿಯಲ್ಲಿ ಕೇಳಿದ. ಇವರಿಗೆ ಹೌದು ಎನ್ನಲೂ ಆಗಲಿಲ್ಲ, ಬಿಡಿಸಿ ಹೇಳಲೂ ಆಗಲಿಲ್ಲ. ಮಾತಿನಲ್ಲಿ ಬಡವರು ನನ್ನ ಗಂಡ. ದೋಸೆ ತಿರುವುವಷ್ಟು ಚುರುಕಾಗಿ ಅವರಿಗೆ ಮಾತು ತಿರುವಲಿಕ್ಕೆ ಬರುವುದಿಲ್ಲ.

ವಾರ ಕಳೆದ ಮೇಲೆ ಸಣ್ಣ ಧಣಿ ಪರೀಕ್ಷೆ ಮಾಡಲಿಕ್ಕೆ ತಾನೇ ಮೇಲೆ ಬಂದ. ಮೆಟ್ಟಿಲ ಮೇಲಿನಿಂದಲೇ ಕೆಳಗಿದ್ದವನಿಗೆ, "ದೋ, ಫಿರ್ ತೀನ್ ಮಾರ್" ಎಂದು ಹೇಳಿದ. ಐದು ಪೀಂ ಬಂತು. "ನೋಡಿ, ಎಷ್ಟು ಕ್ಲಿಯರ್! ಎರಡು, ಮೂರು" ಎಂದ. ಮತ್ತೆ, "ಅಬ್ ತೀನ್, ಫಿರ್ ದೋ" ಎಂದ. ಐದು ಪೀಂ. "ಮೂರು, ಎರಡು. ಇಷ್ಟು ಸ್ಪಷ್ಟ ಉಂಟಲ್ಲ?" ಎಂದ. ಅವನು ಸುಳ್ಳು ಹೇಳಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಅವನಿಗೆ ಹಾಗೆಯೇ ಕೇಳಿರಬೇಕು. ಕೇಳಬೇಕಾದದ್ದನ್ನು ತಾನೇ ಹೇಳಿಕೊಟ್ಟು ಆಮೇಲೆ ಕೇಳಿಸಿಕೊಂಡವನಿಗೆ ಬೇರೆ ಏನು ಕೇಳುತ್ತದೆ? ಕೆಳಗಿಳಿಯುವಾಗ ನನ್ನತ್ತ ತಿರುಗಿ, "ಆಂಟಿ, ಮಶೀನ್ ಝೂಟ್ ನಹೀ ಬೋಲ್ತಾ. ಅಂಕಲ್ ಕಾ ಕಾನ್ ಚೆಕ್ ಕರ್‌ವಾಓ" ಎಂದ. ಮಶೀನು ಸುಳ್ಳು ಹೇಳುವುದಿಲ್ಲವಂತೆ, ನನ್ನವರ ಕಿವಿ ತೋರಿಸಬೇಕಂತೆ.

ದೊಡ್ಡ ಧಣಿಯಾದರೂ ಏನಾದರೂ ಅಂದಾರು ಎಂದು ನಾನು ಗಲ್ಲಾದ ಹತ್ತಿರ ಹೋಗಿ ನಿಂತೆ. ಅವರು ಕನ್ನಡಕ ಸರಿಮಾಡಿಕೊಂಡು, "ಕುಣಿಯಲಿಕ್ಕೆ ಬಾರದವಳು ಅಂಗಳ ಡೊಂಕು ಅಂದಳಂತೆ, ಹಾಗಾಯ್ತು ನಿಮ್ಮ ಕತೆ" ಎಂದರು. ಅಂಗಳ ನಿಜವಾಗಿ ಡೊಂಕಿದೆಯೋ ಎಂದು ಒಬ್ಬನಾದರೂ ಬಗ್ಗಿ ನೋಡಬೇಡವೇ? ಇಪ್ಪತ್ತಾರು ವರ್ಷ ಅದೇ ಅಂಗಳದಲ್ಲಿ ಕುಣಿದವನಿಗೆ ಒಂದೇ ವಾರದಲ್ಲಿ ಕುಣಿತ ಮರೆತುಹೋಗುತ್ತದೆಯೇ? ಆವತ್ತು ಮೇಲೆ ಬಂದು ಮತ್ತೆ ತರಕಾರಿ ಹೆಚ್ಚಲಿಕ್ಕೆ ಕೂತೆ.

ತಿಂಗಳು ತುಂಬುವುದರೊಳಗೆ ಇವರನ್ನು ದೋಸೆಕಲ್ಲಿನಿಂದ ಎಬ್ಬಿಸಿ ಚಟ್ನಿಯ ಗ್ರೈಂಡರಿಗೆ ಹಾಕಿದರು. ಕಲ್ಲಿನ ಮುಂದೆ ಕಲ್ಯಾಣದಿಂದ ಹೊಸಬನೊಬ್ಬ ಬಂದ. ಅವನೂ ತಪ್ಪಿದ, ಇವರಷ್ಟೇ ತಪ್ಪಿದ. ಅವನಿಗೆ ಮಾತ್ರ, "ಹೊಸಬ, ಕಲೀತಾನೆ ಬಿಡಿ" ಎಂದರು. ಅದೇ ತಪ್ಪು ಮೂವತ್ತು ವರ್ಷದವನು ಮಾಡಿದರೆ ಕಲಿಕೆ, ಐವತ್ತೇಳು ವರ್ಷದವರು ಮಾಡಿದರೆ ಕಿವುಡು. ಇದು ಯಾವ ಊರಿನ ನ್ಯಾಯ?

ಕೊನೆಗೆ ನಾನೇ ಹಟ ಹಿಡಿದು ಇವರನ್ನು ಲೋಕಲ್ ಗಾಡಿಯಲ್ಲಿ ಠಾಣೆ ಪಟ್ಟಣಕ್ಕೆ ಕರೆದುಕೊಂಡು ಹೋದೆ. ಕಿವಿಯ ಡಾಕ್ಟರ ಆಸ್ಪತ್ರೆಯಲ್ಲಿ ಒಂದು ಪುಟ್ಟ ಗಾಜಿನ ಕೋಣೆ. ಒಳಗೆ ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು. ಹೊರಗಿನಿಂದ ನೋಡುತ್ತಾ ನಿಂತ ನನಗೆ ಏನೂ ಕೇಳದು, ಇವರ ಬೆರಳು ಮಾತ್ರ ಏಳುತ್ತಲೇ ಇತ್ತು. ಮುಖದಲ್ಲಿ ಪರೀಕ್ಷೆಗೆ ಕೂತ ಮಕ್ಕಳ ಭಯ. ಮುಗಿದ ಮೇಲೆ ಪರೀಕ್ಷೆ ಮಾಡಿದ ಹುಡುಗಿ ಕಾಗದ ಕೊಡುತ್ತಾ, "ಕಾಕಾ, ಈ ವಯಸ್ಸಿಗೆ ತುಮಚೆ ಕಾನ್ ಏಕದಮ್ ಛಾನ್" ಎಂದಳು. ಕಿವಿ ಬಹಳ ಚೆನ್ನಾಗಿದೆಯಂತೆ. ಅಲ್ಲಿಗೆ ಬರುವ ನಮ್ಮ ಕಡೆಯವರ ಮಾತು ಕೇಳಿ ಕೇಳಿ ಅವಳಿಗೂ ಒಂದೆರಡು ಕನ್ನಡ ಪದ ಬರುತ್ತಿತ್ತು. ಅವಳಿಗೆ ಕೈಮುಗಿಯೋಣ ಅನಿಸಿತು.

ಮರುದಿನ ಆ ಕಾಗದವನ್ನು ಗಲ್ಲಾದ ಮೇಲಿಟ್ಟೆ. ಸಣ್ಣ ಧಣಿ ಓದಿದ, ತಲೆಯಾಡಿಸಿದ. ಆಮೇಲೆ ಬಹಳ ಮರ್ಯಾದೆಯಿಂದ, ದನಿ ತಗ್ಗಿಸಿ, ಕಿವಿ ಸರಿ ಇದ್ದರೆ ತೊಂದರೆ ತಲೆಯಲ್ಲಿರಬಹುದು, ವಯಸ್ಸಾದ ಮೇಲೆ ಕೆಲವರಿಗೆ ಮರೆವು ಹೀಗೇ ಶುರುವಾಗುತ್ತದೆ ಎಂದ. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದು. ಇವರು ನನ್ನ ಹಿಂದೆಯೇ ನಿಂತಿದ್ದರು. ಅಷ್ಟನ್ನೂ ಕೇಳಿಸಿಕೊಂಡರು, ಕಿವಿ ಅಷ್ಟು ಚೆನ್ನಾಗಿತ್ತಲ್ಲ.

ಅಲ್ಲಿಂದ ನನ್ನ ಗಂಡ ಬೇರೆಯೇ ಆಗಿಹೋದರು. ನಾನು ಹೇಳಿದ್ದಕ್ಕೆಲ್ಲ "ಎಂತ ಹೇಳಿದ್ದು?" ಎನ್ನುವರು. ಕೇಳಿರುತ್ತದೆ, ಆದರೂ ಕೇಳುವರು. ಒಂದು ಭಾನುವಾರ ಕಾಮೋಠೆಯಲ್ಲಿರುವ ನನ್ನ ತಂಗಿಯ ಮನೆಗೆ ಹೊರಟಿದ್ದೆವು. ಠಾಣೆಯಲ್ಲಿ ಗಾಡಿ ಬದಲಿಸಬೇಕು. ಪನವೇಲ್ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂದು ಮೂರು ಭಾಷೆಯಲ್ಲಿ ಕೂಗಿ ಹೇಳಿದರು. ಇವರು ಒಬ್ಬನನ್ನು ಕೇಳಿದರು. ಅವನು ಹೇಳಿದ ಮೇಲೆ ಇನ್ನೊಬ್ಬನನ್ನು ಕೇಳಿದರು. ಕಡಲೆ ಮಾರುವವಳನ್ನೂ ಕೇಳಿದರು. ಅಷ್ಟರಲ್ಲಿ ಗಾಡಿ ಹೋಯಿತು. ಬೆಂಚಿನ ಮೇಲೆ ಕೂತು, "ನನ್ನ ಮಂಡೆಯನ್ನು ನಾನು ನಂಬುದು ಹೇಗೆ?" ಎಂದರು. ಸಿಟ್ಟಿನಲ್ಲಿ ಹೇಳಿದ್ದಾದರೆ ನಾನೂ ಸಿಟ್ಟಿನಲ್ಲಿ ಉತ್ತರ ಕೊಡುತ್ತಿದ್ದೆ. ಅವರು ಮೆಲ್ಲಗೆ, ನಿಜವಾಗಿ ತಿಳಿಯದೆ ಕೇಳಿದರು.

ಅದಾಗಿ ಎರಡು ದಿನಕ್ಕೆ, ಮನೆಯಲ್ಲಿ ಬೆಳಗ್ಗೆ ನೀರು ಬರುವ ಹೊತ್ತು. ನಲ್ಲಿಯಲ್ಲಿ ನೀರು ನಿಂತು ಬರೀ ತೊಟ್ಟು ಬೀಳುತ್ತಿತ್ತು. ಕೆಳಗೆ ಖಾಲಿ ಬಕೆಟ್ಟು. ಟಪ್ ಟಪ್, ಟಪ್ ಟಪ್. ಎರಡೆರಡಾಗಿ ಬೀಳುತ್ತಿದೆಯಲ್ಲ ಅನಿಸಿತು. ಹತ್ತಿರ ಹೋಗಿ ನೋಡಿದರೆ ತೊಟ್ಟುಗಳು ಎರಡೆರಡಾಗಿ ಬೀಳುತ್ತಲೇ ಇರಲಿಲ್ಲ, ಒಂದೇ ಸಮನೆ ಬೀಳುತ್ತಿದ್ದವು. ಜೋಡಿ ಮಾಡುತ್ತಿದ್ದದ್ದು ನಾನು. ಭಜನೆಯ ಅಭ್ಯಾಸ, ಸುಮ್ಮನೆ ಮನಸ್ಸಿನಲ್ಲಿ ಒಂದೆರಡುಮೂರು, ಒಂದೆರಡುಮೂರು ಎಂದು ಎಣಿಸಿದೆ. ಅದೇ ತೊಟ್ಟು, ಅದೇ ಬಕೆಟ್ಟು, ಈಗ ಮೂರುಮೂರಾಗಿ ಬೀಳತೊಡಗಿತು. ಪ್ರತಿ ಮೂರರ ಮೊದಲನೆಯದು ಜೋರಾಗಿಯೂ ಕೇಳಿತು. ನಾನು ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಸಮಸಮನಾದ ಸದ್ದನ್ನು ಕಿವಿ ಸುಮ್ಮನೆ ಬಿಡುವುದಿಲ್ಲ, ತನಗೆ ತೋಚಿದಂತೆ ಗಂಟು ಕಟ್ಟುತ್ತದೆ. ಮನಸ್ಸಿನಲ್ಲಿ ಯಾವ ಲೆಕ್ಕ ಇದೆಯೋ ಆ ಲೆಕ್ಕಕ್ಕೇ ಕಟ್ಟುತ್ತದೆ. ನನ್ನ ಗಂಡನ ಕಿವಿಯೂ ಸರಿ ಇತ್ತು, ತಲೆಯೂ ಸರಿ ಇತ್ತು. ಆ ದರಿದ್ರ ಡಬ್ಬಿ ಬಿಡುವನ್ನು ತಿಂದುಹಾಕುತ್ತಿತ್ತು.

ಆವತ್ತು ಮಧ್ಯಾಹ್ನ ಮೂರಕ್ಕೆ, ಗಿರಾಕಿ ಇಲ್ಲದ ಹೊತ್ತಿಗೆ, ನಾನು ತರಕಾರಿ ಕತ್ತಿಯನ್ನು ಬದಿಗಿಟ್ಟು ಕೆಳಗಿಳಿದೆ.

"ಹತ್ತು ನಿಮಿಷ ಮೇಲೆ ಬನ್ನಿ" ಎಂದೆ ಸಣ್ಣ ಧಣಿಗೆ.

"ಕ್ಯಾ ಹುವಾ ಆಂಟಿ?"

"ಆದದ್ದು ಎಂತ ಅಂತ ನಿಮಗೇ ಗೊತ್ತಾಗ್ಬೇಕು. ಮಶೀನ್ ಸುಳ್ಳು ಹೇಳುದಿಲ್ಲ ಅಂದಿದ್ರಲ್ಲ. ಅದು ಎಂತ ಹೇಳ್ತದೆ ಅಂತ ಬರೆದು ಕೊಡಿ."

ಕುಂದಾಪುರದ ಹಿರಿಯ ಸಪ್ಲೈಯರನ್ನು ಗುಂಡಿಯ ಹತ್ತಿರ ನಿಲ್ಲಿಸಿದೆ. ಮನಸ್ಸಿಗೆ ಬಂದ ಹಾಗೆ ಹತ್ತು ಆರ್ಡರು ಒತ್ತಿ, ಒತ್ತಿದ್ದನ್ನು ಕಾಗದದಲ್ಲಿ ಬರೆದಿಡಿ, ಬಾಯಲ್ಲಿ ಒಂದಕ್ಷರ ಆಡಬೇಡಿ ಎಂದೆ. ಮೇಲೆ ಸಣ್ಣ ಧಣಿಯ ಕೈಗೆ ಪೆನ್ನು ಕೊಟ್ಟೆ. ಇನ್ನೊಂದು ಕಾಗದವನ್ನು ದೋಸೆಯ ಹೊಸಬನಿಗೂ ಕೊಟ್ಟು ಬೆನ್ನಿಗೆ ಬೆನ್ನು ಹಾಕಿ ನಿಲ್ಲಿಸಿದೆ. ನನ್ನ ಗಂಡ ಗ್ರೈಂಡರು ನಿಲ್ಲಿಸಿ ಕೈ ಒರೆಸಿಕೊಂಡು ಗೋಡೆಗೆ ಒರಗಿದರು. "ಬೇಡ ಮಾರಾಯ್ತಿ, ಇದೆಲ್ಲ ಎಂತಕ್ಕೆ" ಎಂದರು. ನಾನು ಅವರ ಮುಖ ನೋಡಲಿಲ್ಲ.

ಐದು ಪೀಂ ಬಂತು. ಸಣ್ಣ ಧಣಿ ನಗುತ್ತಾ ಬರೆದ. ಆರು ಬಂತು, ಬರೆದ. ಮತ್ತೆ ಐದು. ಈ ಸಲ ಪೆನ್ನು ತಡೆಯಿತು. ಏಳು ಬಂದಾಗ, "ಇನ್ನೊಮ್ಮೆ ಒತ್ತಿಸಿ" ಎಂದ. "ಗಿರಾಕಿ ಇನ್ನೊಮ್ಮೆ ಒತ್ತಿಸ್ತಾರಾ? ಬರೀರಿ" ಎಂದೆ. ಹತ್ತೂ ಮುಗಿದ ಮೇಲೆ ಕೆಳಗಿನ ಕಾಗದ ಪೆಟ್ಟಿಗೆಯಲ್ಲಿ ಮೇಲೆ ಬಂತು. ಹತ್ತರಲ್ಲಿ ಸಣ್ಣ ಧಣಿಯದು ಮೂರು ಸರಿ. ಹೊಸಬನದು ನಾಲ್ಕು. ಮೊದಲ ಐದು ಪೀಂ ಅವನಿಗೆ ಎರಡು ಮೂರು ಎಂದು ಕೇಳಿತ್ತು, ಹೊಸಬನಿಗೆ ಮೂರು ಎರಡು. ಇಬ್ಬರೂ ತಮಗೆ ಹಾಗೇ ಸ್ಪಷ್ಟವಾಗಿ ಕೇಳಿತೆಂದು ಆಣೆ ಹಾಕಿದರು. ಕೆಳಗಿನವರು ಒತ್ತಿದ್ದು ಒಂದು, ನಾಲ್ಕು.

"ಯಾರ ಕಿವಿ ತೋರಿಸುವ ಈಗ? ನಿಮ್ಮದಾ, ಅವನದಾ?" ಎಂದು ಕೇಳಿದೆ. "ಅಥವಾ ಇಬ್ಬರ ತಲೆಯನ್ನೂ ಒಟ್ಟಿಗೆ ತೋರಿಸುದಾ?"

ಅವನು ಡಬ್ಬಿಯನ್ನು ನೋಡಿದ, ಕಾಗದವನ್ನು ನೋಡಿದ. "ಸೆಟ್ಟಿಂಗ್ ಕಾ ಪ್ರಾಬ್ಲೆಮ್ ಹೋಗಾ" ಎಂದ. ಸೆಟ್ಟಿಂಗಿನ ತೊಂದರೆಯಂತೆ. ಮೊಬೈಲನ್ನು ಕಿವಿಗಿಟ್ಟುಕೊಂಡು ಮೆಟ್ಟಿಲಿಳಿದು ಹೋದ. ಗೋಡೆಗೆ ಒರಗಿದ್ದ ಮನುಷ್ಯನತ್ತ ಒಮ್ಮೆಯೂ ತಿರುಗಲಿಲ್ಲ. ಅವರನ್ನು ಕಿವುಡ ಎನ್ನಲಿಕ್ಕೆ ಬಾಯಿ ಇತ್ತು, ಮರುಳ ಎನ್ನಲಿಕ್ಕೆ ಬಾಯಿ ಇತ್ತು, ತಪ್ಪಾಯಿತು ಎನ್ನುವ ಒಂದು ಮಾತಿಗೆ ಮಾತ್ರ ಬಾಯಿ ಬರಲಿಲ್ಲ. ಮಶೀನು ತಪ್ಪಿದರೆ ಸೆಟ್ಟಿಂಗು, ಮನುಷ್ಯ ತಪ್ಪಿದರೆ ಮಂಡೆ.

ಮೂರನೆಯ ದಿನ ಡಬ್ಬಿ ಹೋಯಿತು, ಹಿತ್ತಾಳೆ ಗಂಟೆ ಮರಳಿ ತೂಗಿತು. ದೊಡ್ಡ ಧಣಿ ಇವರನ್ನು ಕರೆದು, "ಪ್ರಾಯದವ, ತಿಳೀಲಿಲ್ಲ ಅವನಿಗೆ. ಮನಸ್ಸಿಗೆ ಹಚ್ಕೊಳ್ಬೇಡ. ನಾಳೆಯಿಂದ ಕಲ್ಲಿನ ಹತ್ರ ನಿಲ್ಲು" ಎಂದರು.

"ಇಲ್ಲ ಧಣಿ, ನಂದೂ ತಪ್ಪಿರಬಹುದು" ಎಂದರು ನನ್ನ ಗಂಡ.

ನನಗೆ ಆಗ ಬಂದ ಸಿಟ್ಟು ಯಾರ ಮೇಲೆ ಎಂದು ಇಂದಿಗೂ ಹೇಳಲಾರೆ. ಹತ್ತು ಆರ್ಡರು, ಮೂರು ಕಾಗದ, ಇಡೀ ಅಡುಗೆಕೋಣೆಯೇ ಸಾಕ್ಷಿ. ನಾನು ಗೆದ್ದಿದ್ದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವರಿಗೆ ಅದನ್ನೇ ಹೇಳಿದೆ. ಹೂಂ, ಹೂಂ ಎಂದರು.

ಮರುದಿನ ಎರಡು ಗಂಟೆಗೆ ನಾನು ಬೆಂಡೆಕಾಯಿ ಹೆಚ್ಚುತ್ತಾ ಕೂತಿದ್ದೆ. ಗಂಟೆ ಬಾರಿಸಿತು. ಎರಡು, ಬಿಡುವು, ಮೂರು. ಹಿರಿಯ ಸಪ್ಲೈಯರ ಕೈ, ಮೂಲೆಯಲ್ಲಿ ಕೂತ ನನಗೂ ಸ್ಪಷ್ಟವಾಗಿ ಕೇಳಿತು. ಇವರು ಹಿಟ್ಟಿನ ಸೌಟು ಎತ್ತಿದರು, ಹೊಯ್ಯಲಿಲ್ಲ. ನನ್ನತ್ತ ತಿರುಗಿದರು.

"ಎಷ್ಟು ಹೊಡೆದದ್ದು?"

"ನಿಮಗೆ ಎಷ್ಟು ಕೇಳಿದ್ದು?"

"ಮೂರು ಮಸಾಲೆ."

"ಸರಿ ಉಂಟಲ್ಲ. ಹೊಯ್ಯಿರಿ."

"ಆದ್ರೂ ಒಮ್ಮೆ ಕೇಳ್ತೇನೆ" ಎಂದು ಸೌಟನ್ನು ಹಿಟ್ಟಿನ ಪಾತ್ರೆಗೇ ಬಿಟ್ಟು ಕಂಡಿಯ ಹತ್ತಿರ ಹೋದರು. ಮೊಣಕಾಲೂರಿ, ಬಗ್ಗಿ, ಕೆಳಗಿದ್ದವರನ್ನು ಕೇಳಿದರು. ಕೆಳಗಿನಿಂದ "ಹೌದಣ್ಣ, ಮೂರು ಮಸಾಲೆ" ಎಂದ ಮೇಲೆ ಎದ್ದು ಬಂದು ಹೊಯ್ದರು. ಕಲ್ಲು ಅಷ್ಟರಲ್ಲಿ ಅತಿಯಾಗಿ ಕಾದಿತ್ತು, ಮೊದಲ ದೋಸೆ ಸೀದುಹೋಯಿತು.

ಆಮೇಲೆ ಇನ್ನೂ ಐದು ವರ್ಷ ಅವರು ಆ ಕಲ್ಲಿನ ಮುಂದೆ ನಿಂತರು. ಗಂಟೆ ಬಾರಿಸಿದಾಗಲೆಲ್ಲ, ದಿನಕ್ಕೆ ಅದೆಷ್ಟೋ ಸಲ, ನೋಯುವ ಮೊಣಕಾಲೂರಿ ಬಗ್ಗಿ ಕೇಳಿದರು. ಐದು ವರ್ಷದಲ್ಲಿ ಒಂದು ಸಲವೂ ಅವರಿಗೆ ಕೇಳಿದ್ದು ತಪ್ಪಾಗಿರಲಿಲ್ಲ.